ಫೈಲಿಗೆ ಕಾಣದ ಏರ್‌ಮನ್

ಸತ್ತವನು ಮನೆಗೆ ಅರ್ಜಿ ಹಾಕಬಾರದು ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ನಾನು ಹುಡುಕಿ ನೋಡಿದ್ದೇನೆ. ಅಮಲ್ದಾರ್ ಕಚೇರಿಯಲ್ಲಿ ಗುಮಾಸ್ತನಾಗಿ ತಲೆಗೂದಲು ಉದುರಿಸಿಕೊಂಡು ರಿಟೈರಾದ ಈ ಗಂಗಾಧರಯ್ಯನಿಗೆ ಕಾನೂನು ಗೊತ್ತಿಲ್ಲ ಎನ್ನುವವರು ರಾಜಾಜಿನಗರದಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಅದು ನನ್ನ ಹೆಂಡತಿ ಯಶೋದಮ್ಮ ಒಬ್ಬಳೇ.

ನಮ್ಮ ಪಕ್ಕದ ಮನೆ ಮುನಿವೆಂಕಟಪ್ಪನದು. ಶ್ರೀಗಂಧದ ಕಾವಲಿನ ಕಡೆಯ ಹಳ್ಳಿಯಲ್ಲಿ ಹೊಲ ಮಾರಿ, ಇಲ್ಲಿ ಬಡಾವಣೆ ಆಗುತ್ತಲೇ ಬಂದು ಮನೆ ಕಟ್ಟಿಸಿದವನು. ಹಿತ್ತಲಲ್ಲಿ ಎಮ್ಮೆಗೆಂದು ಒಂದು ಕೋಣೆಯನ್ನೂ ಕಟ್ಟಿಸಿದ್ದ. ಎಮ್ಮೆ ಅದರೊಳಗೆ ಕಾಲಿಡಲು ಒಪ್ಪಲಿಲ್ಲವಾದ್ದರಿಂದ ತಮ್ಮನಿಗೆ ಕೊಟ್ಟ. ತಮ್ಮ ವೆಂಕಟಸ್ವಾಮಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅವನ ಹೆಂಡತಿ ಲಕ್ಷ್ಮಿದೇವಮ್ಮ. ಮಕ್ಕಳಿಲ್ಲ.

ಆ ಎಮ್ಮೆ ಕೋಣೆಯ ಬಾಗಿಲಿಗೆ ‘ವಿ. ಸ್ವಾಮಿ, ಮಾಜಿ ಏರ್‌ಮನ್’ ಎಂದು ಬೋರ್ಡು ಬರೆಸಿ ಹಾಕಿಕೊಂಡಿದ್ದ. ಯುದ್ಧದಲ್ಲಿ ಅವನು ಮಾಡಿದ್ದು ವಿಮಾನದ ಬೋಲ್ಟು ಬಿಗಿಯುವುದು, ಎಣ್ಣೆ ಒರೆಸುವುದು. ಆದರೆ ಏರ್‌ಮನ್ ಎಂದಮೇಲೆ ಹಾರಿಯೇ ಇರಬೇಕು ಎಂದು ನಮ್ಮ ಬೀದಿ ತೀರ್ಮಾನ ಮಾಡಿತು. ಇವನೂ ಬೇಡ ಎನ್ನಲಿಲ್ಲ. ಕ್ಷೌರದಂಗಡಿಯಲ್ಲಿ ಇವನು ಒಬ್ಬನೇ ಹೋಗಿ ರಂಗೂನಿಗೆ ಬಾಂಬು ಹಾಕಿದ. ಮಾರೇನಹಳ್ಳಿಯಿಂದ ಬರುವ ಹಾಲಿನವಳ ಬಾಯಿಗೆ ಬೀಳುವ ಹೊತ್ತಿಗೆ ಅದು ಜಪಾನಿಗೇ ಹಾಕಿದ್ದಾಯಿತು. ನಮ್ಮ ಬಡಾವಣೆಯ ಸಂಘದ ಕಾರ್ಯದರ್ಶಿ ಗಣೇಶನ ಹಬ್ಬದಲ್ಲಿ ಇವನನ್ನು ವೇದಿಕೆಯ ಮೇಲೆ ಕೂರಿಸಿ ಹಾರ ಹಾಕಿದ. ಮನುಷ್ಯ ಹಾರ ಹಾಕಿಸಿಕೊಂಡು ಗಂಭೀರವಾಗಿ ಆಕಾಶ ನೋಡಿದ.

ಹೀಗಿರುವಾಗ ಮುನಿವೆಂಕಟಪ್ಪ ತಮ್ಮನನ್ನು ಕರೆದು, “ವೈಶಾಖಕ್ಕೆ ನಮ್ಮುಡುಗನ ಮದುವೆ ಕಣಪ್ಪ. ಆ ಕೋಣೆ ಒಡೆದು ದೊಡ್ಡದು ಮಾಡಿಸ್ಬೇಕು. ನೀನು ಬೇರೆ ಎಲ್ಲಾದ್ರೂ ನೋಡ್ಕೋ,” ಅಂದ. ಅದೇ ವಾರ, ಸರ್ಕಾರ ಕಟ್ಟಿಸಿದ ಹೊಸ ಬ್ಲಾಕಿನ ಮನೆಗಳಲ್ಲಿ ಕೆಲವನ್ನು ಯುದ್ಧಕ್ಕೆ ಹೋಗಿಬಂದವರಿಗೆ ಕೊಡುತ್ತಾರೆಂದು ಸುದ್ದಿ ಬಂತು. ಲಕ್ಷ್ಮಿದೇವಮ್ಮ ಯಾರಿಗೂ ಹೇಳದೆ ಒಬ್ಬಳೇ ಹೋಗಿ ಆ ಮನೆಗಳನ್ನು ಕಿಟಕಿಯಲ್ಲಿ ಇಣುಕಿ ನೋಡಿಕೊಂಡು ಬಂದಳು.

“ಅಡಿಗೆಮನೆ ಬೇರೆ ಇದೆ ಯಶೋದಕ್ಕ! ನಲ್ಲಿ ಒಳಗೇ! ಹಿಂದೆ ಒಂದು ನುಗ್ಗೆಗಿಡ ಹಾಕೋವಷ್ಟು ಜಾಗ!” ಎಂದು ನನ್ನ ಹೆಂಡತಿಯ ಮುಂದೆ ಹೇಳುತ್ತಾ ಅವಳಿಗೆ ಮಾತು ನಿಲ್ಲುತ್ತಿರಲಿಲ್ಲ. ಏಳೆಂಟು ವರ್ಷದಿಂದ ಇನ್ನೊಬ್ಬರ ಹಿತ್ತಲಲ್ಲಿ ಒಲೆ ಹೂಡಿದವಳು. ಆ ಮನೆ ಸಿಗದಿದ್ದರೆ ಅವಳು ಎದೆಯೊಡೆದುಕೊಳ್ಳುತ್ತಾಳೆ ಎಂದು ಯಶೋದಮ್ಮ ನನಗೆ ಎಚ್ಚರಿಕೆ ಕೊಟ್ಟಳು.

ವೆಂಕಟಸ್ವಾಮಿ ನನ್ನ ಹತ್ತಿರ ಬಂದ. “ಸಾರ್, ಸರ್ವೀಸಿನ ಕಾಗ್ದ ಬೇಕಂತೆ. ನಂದು ಒಂದೂ ಇಲ್ಲ. ಗೆದ್ದಲು ತಿಂದ್ಬಿಡ್ತು. ನೀವು ಒಂದು ಇಂಗ್ಲಿಷ್ ಕಾಗ್ದ ಬರ್ಕೊಡಿ.”

“ಒಂದೇನು, ಮೂರು ಬರೀತೀನಿ. ದಿಲ್ಲಿಗೆ ಒಂದು, ಮದರಾಸಿಗೆ ಒಂದು, ಇಲ್ಲೇ ಊರಲ್ಲಿರೋ ಮಾಜಿ ಸೈನಿಕರ ಕಚೇರಿಗೆ ಒಂದು. ಯಾವುದಾದರೂ ಒಂದು ಕಡೆ ಹಲ್ಲು ನಾಟುತ್ತೆ,” ಅಂದೆ. “ಹೆಸರು ಹೇಳು.”

“ವೆಂಕಟಸ್ವಾಮಿ. ಆದ್ರೆ ಆಗ ಹನುಮಯ್ಯ ಅಂತ ಇತ್ತು.”

“ಯಾಕಯ್ಯ ಬದಲಾಯಿಸಿಕೊಂಡೆ?”

“ನಾನೆಲ್ಲಿ ಬದಲಾಯಿಸಿಕೊಂಡೆ ಸಾರ್, ಮನೇಲಿ ಬದಲಾಯಿಸಿದ್ರು,” ಎಂದು ನೆಲ ನೋಡಿದ. ಏನೋ ಶಾಸ್ತ್ರ ಕೇಳಿಸಿರಬೇಕು ಎಂದುಕೊಂಡು ನಾನು ಮುಂದೆ ಬರೆದೆ. ಮೂರು ಕಡೆಗೆ ಬರೆದದ್ದೇ ತಪ್ಪು, ಒಂದೇ ಕಡೆಗೆ ಬರೆದಿದ್ದರೆ ಒಂದೇ ಉತ್ತರ ಬರುತ್ತಿತ್ತು ಎಂದು ಯಶೋದಮ್ಮ ಇವತ್ತಿಗೂ ವಾದಿಸುತ್ತಾಳೆ. ಹೆಂಗಸರಿಗೆ ಆಡಳಿತ ಅರ್ಥವಾಗುವುದಿಲ್ಲ.

ಮೊದಲು ದಿಲ್ಲಿಯಿಂದ ಬಂತು. ನಾನು ಜಗಲಿಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಓದಿ ಕನ್ನಡದಲ್ಲಿ ಹೇಳಿದೆ. “ಏರ್‌ಮನ್ ಹನುಮಯ್ಯನವರು ಸಾವಿರದ ಒಂಬೈನೂರ ನಲವತ್ತನಾಲ್ಕರಲ್ಲಿ ಬರ್ಮಾ ಗಡಿಯಲ್ಲಿ ವಿಮಾನ ಬಿದ್ದು ತೀರಿಕೊಂಡಿದ್ದಾರೆ. ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು.”

ನನ್ನ ಎದುರಿಗೇ ಕೂತಿದ್ದ ವೆಂಕಟಸ್ವಾಮಿ ಕಾಫಿ ಲೋಟ ಕೆಳಗಿಟ್ಟ. ಒಳಗಿನಿಂದ ಯಶೋದಮ್ಮ, “ಅಯ್ಯೋ ಪಾಪ, ಯಾರಂತೆ?” ಅಂದಳು. ವೆಂಕಟಸ್ವಾಮಿಯಂತೆ ಅಂದೆ. ಅವಳು ತಲೆಯ ಮೇಲೆ ನೀರು ಸುರಿದುಕೊಂಡು ಬಂದಳು. “ಸಾವಿನ ಸುದ್ದಿ ಕೇಳಿದಮೇಲೆ ಸ್ನಾನ ಮಾಡ್ಬೇಕು ತಾನೆ? ನೀನೂ ಮಾಡ್ಬಿಡಪ್ಪ ವೆಂಕಟಸ್ವಾಮಿ, ಹತ್ತಿರದೋನು,” ಅಂದಳು.

ಎರಡನೆಯದು ಮದರಾಸಿನಿಂದ. ಅದರ ಪ್ರಕಾರ ಹನುಮಯ್ಯ ಸತ್ತಿರಲೇ ಇಲ್ಲ. ರಜೆಗೆಂದು ಹೋದವನು ವಾಪಸು ಬಾರದೆ ತಲೆಮರೆಸಿಕೊಂಡಿದ್ದ. ಕಂಡವರು ಹತ್ತಿರದ ಪೊಲೀಸ್ ಸ್ಟೇಷನ್ನಿಗೆ ತಿಳಿಸತಕ್ಕದ್ದು. ಸಂಘದ ಕಾರ್ಯದರ್ಶಿ ಅದನ್ನು ಕೇಳಿ ಗಣೇಶನ ಹಬ್ಬದ ಹಾರದ ಲೆಕ್ಕ ತೆಗೆದ. ಕ್ಷೌರದಂಗಡಿಯಲ್ಲಿ ರಂಗೂನು ಮತ್ತೆ ಎದ್ದು ನಿಂತಿತು. ಮೂರನೆಯದು ನಮ್ಮೂರಿನ ಕಚೇರಿಯದೇ: ಹನುಮಯ್ಯ ಯುದ್ಧ ಮುಗಿದಮೇಲೆ ಉತ್ತಮ ನಡತೆಯವನೆಂದು ಬಿಡುಗಡೆ ಹೊಂದಿದ್ದಾನೆ.

ನಾನು ಮೂರನ್ನೂ ಸಾಲಾಗಿ ಇಟ್ಟು, “ಏನಯ್ಯ ಇದು? ಒಬ್ಬ ಮನುಷ್ಯ ಸತ್ತು, ಓಡಿಹೋಗಿ, ಒಳ್ಳೇ ನಡತೆ ಅನ್ನಿಸಿಕೊಳ್ಳೋಕೆ ಆಗುತ್ತಾ? ಇದರಲ್ಲಿ ಯಾವುದು ನಿಜ?” ಎಂದು ಗದರಿಸಿದೆ.

“ಮೂರೂ ನಿಜ ಸಾರ್,” ಅಂದ. ಅವನ ಮುಖ ನೋಡಿದರೆ ಅಳು ಬರುವಂತಿತ್ತು.

ವಿಷಯ ಹೀಗೆ. ಗಡಿಯ ಹತ್ತಿರದ ಯಾವುದೋ ಕಾಡಿನಲ್ಲಿ ಇವನಿಗೆ ಚಳಿಜ್ವರ ಬಂತು. ಆಸ್ಪತ್ರೆಗೆ ಸಾಗಿಸುವ ವಿಮಾನದ ಪಟ್ಟಿಯಲ್ಲಿ ಇವನ ಹೆಸರು ಬರೆದರು, ಹತ್ತಿಸಿದರು. ಅಷ್ಟರಲ್ಲಿ ದೊಡ್ಡ ಸಾಹೇಬನೊಬ್ಬನ ಟ್ರಂಕು ಬಂತು. ಭಾರ ಹೆಚ್ಚಾಯಿತೆಂದು ಇವನನ್ನು ಇಳಿಸಿ ಟ್ರಂಕನ್ನು ಹತ್ತಿಸಿದರು. ವಿಮಾನ ಬಿತ್ತು. ಟ್ರಂಕು ಸತ್ತಿತು; ಪಟ್ಟಿಯಲ್ಲಿ ಇವನ ಹೆಸರು ಉಳಿಯಿತು. ಇವನು ಲಾರಿಯಲ್ಲಿ ಹೋಗಿ ಇನ್ನೊಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಊರಿಗೆ ತಂತಿ ಬಂತು. ಮುನಿವೆಂಕಟಪ್ಪ ಎದೆ ಬಡಿದುಕೊಂಡು ಅತ್ತು, ತಮ್ಮನಿಗೆ ಒಂದೂ ಕಡಿಮೆಯಾಗದ ಹಾಗೆ ಕರ್ಮ ಮಾಡಿಸಿದ. ಇವನು ಗುಣವಾಗಿ, ರಜ ಹಾಕಿ, ಊರಿನ ದಾರಿಯಲ್ಲಿ ನಡೆದು ಬಂದಾಗ ಮನೆ ಮುಂದೆ ಚಪ್ಪರ ಕಂಡಿತು. ಅದು ಇವನದೇ ತಿಥಿಯ ಊಟ.

“ನನ್ನ ನೋಡಿ ಪಂಕ್ತಿಯೆಲ್ಲಾ ಎದ್ದು ಓಡ್ತು ಸಾರ್. ಎರಡು ದಿನದಿಂದ ಹೊಟ್ಟೆಗಿರಲಿಲ್ಲ. ನಾನು ಕೂತು ಉಂಡೆ.”

“ನಿನ್ನ ತಿಥೀನ ನೀನೇ ಉಂಡೆಯಾ!”

“ನಂಗಿಷ್ಟ ಅಂತ ಕಜ್ಜಾಯ ಮಾಡಿದ್ರು ಸಾರ್.”

ಮುಂದಿನದನ್ನು ಹೇಳಲು ಮುನಿವೆಂಕಟಪ್ಪನೇ ಕಾಂಪೌಂಡಿನ ಆಚೆಯಿಂದ ಬಂದ. ಅವನಿಗೆ ಅದು ಬಹಳ ಹೆಮ್ಮೆಯ ಸಂಗತಿ. “ಜೋಯಿಸ್ರು ಖಡಾಖಂಡಿತ ಹೇಳ್ಬಿಟ್ರು ಗಂಗಾಧರಯ್ಯೋರೆ. ಕರ್ಮ ಮಾಡಿದಮೇಲೆ ಇವನು ಸತ್ತೋನೇ. ಉಸಿರಾಡೋದು ಬಿಡೋದು ಬೇರೆ ವಿಷ್ಯ. ಮನೆಯೊಳಗೆ ಬರಬೇಕಂದ್ರೆ ಹೊಸದಾಗಿ ಹುಟ್ಟಿ ಬರಬೇಕು ಅಂದ್ರು. ಸರಿ, ನೀರು ಕಾಯ್ಸೋ ದೊಡ್ಡ ಹಂಡೆ ಇತ್ತಲ್ಲ, ಒಳಗೆಲ್ಲಾ ತುಪ್ಪ ಸವರಿ ಇವನ್ನ ಇಳಿಸಿದ್ವಿ. ಮಂತ್ರ ಮುಗೀತು, ಬಾರೋ ಅಂದ್ರೆ ಮಂಡಿ ಸಿಕ್ಕಾಕೊಂತು. ಇಬ್ರು ಆಳು ಹಿಡಿದು ಎಳೆದ್ರು. ಹೆರಿಗೆ ಬಲೇ ಕಷ್ಟ ಆಯ್ತು.”

ಆಮೇಲೆ ತೊಟ್ಟಿಲ ಶಾಸ್ತ್ರ. ಆರಡಿ ಕೂಸು ತೊಟ್ಟಿಲಿಗೆ ಹಿಡಿಸದೆ ಎಡಗಾಲೊಂದನ್ನು ಇಟ್ಟು ತೂಗಿದರು. ಹೆಂಗಸರು ಜೋಗುಳ ಹಾಡಿದರು. ಹನುಮಯ್ಯ ಸತ್ತ ಹೆಸರು, ಅದನ್ನು ಬಿಡಬೇಕೆಂದು ವೆಂಕಟಸ್ವಾಮಿ ಎಂದು ನಾಮಕರಣವಾಯಿತು. ಈಗ ಹುಟ್ಟಿದ ಕೂಸಿಗೆ ಹೆಂಡತಿ ಎಲ್ಲಿಂದ ಬರಬೇಕು? ಲಕ್ಷ್ಮಿದೇವಮ್ಮನಿಗೇ ಮತ್ತೆ ತಾಳಿ ಕಟ್ಟಬೇಕು. ಕಟ್ಟೋಣವೆಂದರೆ ಆಷಾಢ. ಶ್ರಾವಣದಲ್ಲಿ ಮುಹೂರ್ತ ಸಿಕ್ಕಿ ಮದುವೆಯಾಗುವಷ್ಟರಲ್ಲಿ ಇವನ ರಜ ಮುಗಿದು ಎಷ್ಟೋ ಕಾಲವಾಗಿತ್ತು. ಅಲ್ಲಿ ಪಡೆಯವರು ಓಡಿಹೋದವನೆಂದು ಬರೆದರು. ವಾಪಸು ಹೋಗಿ, ಶಿಕ್ಷೆ ಅನುಭವಿಸಿ, ಮತ್ತೆ ಬೋಲ್ಟು ಬಿಗಿದು, ಯುದ್ಧ ಮುಗಿದಮೇಲೆ ಒಳ್ಳೆಯವನೆನ್ನಿಸಿಕೊಂಡು ಬಂದ. ಒಬ್ಬೊಬ್ಬ ಗುಮಾಸ್ತನೂ ತನಗೆ ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದಿದ್ದ. ನನ್ನ ಜಾತಿಯವರನ್ನು ನಾನು ಬೈಯಲಾರೆ.

ಇದಕ್ಕೆ ಪರಿಹಾರ ನನಗೆ ಕೂಡಲೇ ಹೊಳೆಯಿತು. ಹನುಮಯ್ಯನೇ ವೆಂಕಟಸ್ವಾಮಿ ಎಂದು ಊರಿನ ಜನನ ಮರಣದ ದಾಖಲೆಯಿಂದ ಒಂದು ನಕಲು ತಂದರೆ ಮುಗಿಯಿತು. ಶಾನುಭೋಗರ ಹತ್ತಿರ ಹೋಗಿ ತಂದದ್ದೂ ಆಯಿತು. ನೋಡಿದರೆ, ಹನುಮಯ್ಯ ಮೃತನಾದನೆಂದು ಒಂದು ಸಾಲು. ಅದರ ಕೆಳಗೆ ಎರಡು ತಿಂಗಳ ನಂತರ ಇನ್ನೊಂದು: ಮೃತ ಹನುಮಯ್ಯನ ಮನೆಯಲ್ಲಿ ಗಂಡು ಮಗು ಜನನ, ಹೆಸರು ವೆಂಕಟಸ್ವಾಮಿ.

“ಯಾವನಯ್ಯ ಇದನ್ನ ಬರೆಸಿದ್ದು!” ಎಂದು ನಾನು ಕೂಗಿದೆ.

“ನಾನೇ,” ಅಂದ ಮುನಿವೆಂಕಟಪ್ಪ. “ಸತ್ತದ್ದು ಬರೆಸಿದಮೇಲೆ ಹುಟ್ಟಿದ್ದು ಬರೆಸಬೇಡ್ವಾ? ಊರಲ್ಲಿ ಒಂದು ತಲೆ ಲೆಕ್ಕ ತಪ್ಪೋಗಲ್ವಾ? ನಾವು ಸುಳ್ಳು ಪಳ್ಳು ಮಾಡೋ ಜನ ಅಲ್ಲ ಸ್ವಾಮಿ.”

ಸರ್ಕಾರದ ಪ್ರಕಾರ ವೆಂಕಟಸ್ವಾಮಿಗೆ ಈಗ ಹದಿಮೂರು ವರ್ಷ. ಈ ಸುದ್ದಿ ಬೀದಿಗೆ ಬೀಳಲು ಎಷ್ಟು ಹೊತ್ತು? ಅಪ್ರಾಪ್ತ ವಯಸ್ಕನಿಗೆ ಸಂಘದಲ್ಲಿ ಓಟಿಲ್ಲವೆಂದು ಕಾರ್ಯದರ್ಶಿ ಚೀಟಿ ಕಳಿಸಿದ. ಕ್ಷೌರದವನು, “ಬನ್ನಿ, ಮಕ್ಕಳಿಗೆ ಅರ್ಧ ರೇಟು,” ಎಂದು ಹಲಗೆ ಹಾಕಿ ಕೂರಿಸಲು ಹೊರಟ. ನರೆತ ಮೀಸೆಯ ಮನುಷ್ಯ ತಲೆ ತಗ್ಗಿಸಿ ಓಡಾಡುವ ಹಾಗಾಯಿತು. ಬಾಗಿಲಿನ ಬೋರ್ಡನ್ನು ಅವನೇ ಕಿತ್ತು ಒಳಗಿಟ್ಟ. ರಾತ್ರಿಯೆಲ್ಲ ನಿದ್ದೆಯಿಲ್ಲವೆಂದು ಯಶೋದಮ್ಮನ ಹತ್ತಿರ ಹೇಳಿಕೊಂಡನಂತೆ: “ಆವತ್ತು ಆ ಟ್ರಂಕಿಗೆ ಜಾಗ ಬಿಡದೆ ಕೂತಿದ್ರೆ ಚೆನ್ನಾಗಿತ್ತು ಯಶೋದಮ್ಮೋರೆ. ಅವಳಿಗೊಂದು ಮನೆಯಾದ್ರೂ ಸಿಗ್ತಿತ್ತು.” ಇದನ್ನು ಕೇಳಿ ನನಗೂ ಮನಸ್ಸು ಕೆಟ್ಟುಹೋಯಿತು.

ಎಲ್ಲ ಕಾಗದಗಳನ್ನೂ ಕಟ್ಟಿಕೊಂಡು ಇಬ್ಬರೂ ಮನೆ ಹಂಚುವ ಕಚೇರಿಗೆ ಹೋದೆವು. ಅಲ್ಲಿಗೆ ಧಾರವಾಡದ ಕಡೆಯಿಂದ ಹೊಸದಾಗಿ ಬಂದಿದ್ದ ಅಧಿಕಾರಿ ಸಿದ್ದಬಸಪ್ಪನವರು. ಹಣೆಯ ತುಂಬ ವಿಭೂತಿ, ಮೆತ್ತಗಿನ ಮಾತು. ಫೈಲನ್ನು ಮೊದಲಿಂದ ಕೊನೆಗೆ ಓದಿ, ಕೊನೆಯಿಂದ ಮೊದಲಿಗೆ ಓದಿ, ಕನ್ನಡಕ ತೆಗೆದರು.

“ನೋಡ್ರೀ ಯಜಮಾನ್ರ, ಇವ ಸತ್ತಾನ. ಓಡಿ ಹೋಗ್ಯಾನ. ಛಲೋ ನಡತಿ ಅಂತ ಬಿಡುಗಡಿನೂ ಆಗ್ಯಾನ. ಹೋಗ್ಲಿ ಅಂದ್ರ, ಮತ್ತ ಹುಟ್ಯಾನ ಅಂತ ತಂದೀರಿ. ಇದಕ್ಕ ನಾ ಏನ್ ಬರೀಲಿ?”

“ನಾನೇ ಇದೀನಲ್ಲ ಸಾರ್, ನಿಮ್ ಕಣ್ಮುಂದೆ!” ಎಂದು ವೆಂಕಟಸ್ವಾಮಿ ಎದೆ ತಟ್ಟಿಕೊಂಡ.

“ನನಗ ಕಾಣ್ತೀರಪಾ. ಫೈಲಿಗೆ ಕಾಣಂಗಿಲ್ಲ.”

ವೆಂಕಟಸ್ವಾಮಿ ಕೈಮುಗಿದ. ವೈಶಾಖದೊಳಗೆ ಕೋಣೆ ಬಿಡಬೇಕು, ಹೆಂಡತಿ ಬೀದಿಗೆ ಬೀಳುತ್ತಾಳೆ ಎಂದು ತೊದಲಿದ. ಸಿದ್ದಬಸಪ್ಪನವರದು ಕರುಣೆಯ ಜೀವ. ಫೈಲನ್ನು ಮತ್ತೊಮ್ಮೆ ತಿರುವಿದರು. ಆಮೇಲೆ ಅವರ ಮುಖ ಬೆಳಗಿತು.

“ಇಲ್ಲಿ ಕೇಳ್ರಿ. ಹನುಮಯ್ಯ ಸತ್ತಾನ, ಬರೋಬ್ಬರಿ. ಸತ್ತ ಎರಡು ತಿಂಗಳಿಗೆ ಅವನ ಮನ್ಯಾಗ ಗಂಡು ಕೂಸು ಹುಟ್ಟೇತಿ, ಬರೋಬ್ಬರಿ. ಅಂದ್ರ ಏನಾತು? ಒಬ್ಬಾಕಿ ವಿಧವಿ, ಆಕಿಗೆ ಹದಿಮೂರು ವರ್ಷದ ಮಗ ವೆಂಕಟಸ್ವಾಮಿ. ಓಡಿ ಹೋದಾವ, ಬಿಡುಗಡಿ ಆದಾವ, ಅವರಿಬ್ಬರೂ ಬ್ಯಾರೆ ಹನುಮಯ್ಯಂದಿರು. ಯುದ್ಧದಾಗ ಸತ್ತವರ ಹೆಂಡ್ರು ಮಕ್ಕಳಿಗೆ ಮೊದಲ ಮನಿ ಅಂತ ನಿಯಮ ಐತಿ. ತಾಯಿನ್ನ ಕರಕೊಂಡು ಬರ್ರಿ, ಹೇಳಿಕಿ ಮ್ಯಾಲೆ ಒಂದು ಹೆಬ್ಬೆಟ್ಟು ಒತ್ತಲಿ. ಕೀಲಿಕೈ ಕೊಡ್ತೀನಿ.”

ನನ್ನ ಇಡೀ ಸರ್ವೀಸಿನಲ್ಲಿ ಇಷ್ಟು ಚೆಂದದ ಟಿಪ್ಪಣಿ ಕಂಡಿರಲಿಲ್ಲ. ಒಂದು ಕಾಗದವೂ ಇನ್ನೊಂದಕ್ಕೆ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಮನುಷ್ಯ ಮಾತ್ರ.

ಹೊರಗೆ ಬಂದಮೇಲೆ ವೆಂಕಟಸ್ವಾಮಿ ಕೇಳಿದ: “ಅಂದ್ರೆ ನಾನೀಗ ನನ್ನ ಮಗನಾ ಸಾರ್?”

“ಫೈಲಲ್ಲಿ ಮಾತ್ರ ಕಣಯ್ಯ.”

“ಮನೆ ಸಿಗುತ್ತಾ?”

“ಸಿಗುತ್ತೆ.”

“ಹಂಗಾದ್ರೆ ಆಗ್ಲಿ ಬಿಡಿ.”

ಲಕ್ಷ್ಮಿದೇವಮ್ಮನಿಗೆ ಹೇಳುವ ಕೆಲಸವನ್ನು ವೆಂಕಟಸ್ವಾಮಿ ಅಣ್ಣನಿಗೆ ಬಿಟ್ಟ. ಅಣ್ಣ ನನಗೆ ಬಿಟ್ಟ. ನಾನು ಯಶೋದಮ್ಮನಿಗೆ ಬಿಟ್ಟೆ. ಯಶೋದಮ್ಮ ಪೂರ್ತಿ ಕೇಳಿ, “ಥೂ, ನಿಮ್ಮ ಮೂವರ ಬಾಯಿಗೆ ಮಣ್ಣು ಹಾಕ. ಕಟ್ಕೊಂಡೋಳಿಗೆ ಮಗ ಅಂತ ಬರೆಸ್ತೀರಾ?” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೀಗಾಗಿ ಯಾರೂ ಹೇಳಲಿಲ್ಲ. ಒಂದು ಹೆಬ್ಬೆಟ್ಟು ಒತ್ತಿದರೆ ಮನೆ ಎಂದಷ್ಟೇ ಅವಳಿಗೆ ತಿಳಿದಿತ್ತು.

ಹೋಗುವ ದಿನ ಅವಳು ತಲೆಗೆ ಎರೆದುಕೊಂಡು, ರೇಷ್ಮೆ ಸೀರೆಯುಟ್ಟು, ಜಡೆಗೆ ಮಲ್ಲಿಗೆ ಮುಡಿದು, ಕಾಸಗಲ ಕುಂಕುಮ ಇಟ್ಟುಕೊಂಡು ಬಂದಳು. ಹೊಸ ಮನೆಯಲ್ಲಿ ಮೊದಲು ಹಾಲು ಉಕ್ಕಿಸಬೇಕು, ಯಶೋದಕ್ಕನೇ ಮುಂದೆ ನಿಲ್ಲಬೇಕು ಎಂದು ದಾರಿಯುದ್ದಕ್ಕೂ ಮಾತು. ನಾನೂ ವೆಂಕಟಸ್ವಾಮಿಯೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸಿದ್ದಬಸಪ್ಪನವರು ಅವಳನ್ನು ಕಂಡು ಬೆಚ್ಚಿದರು. “ಇಲ್ಲಿಗೆ ಬರೂಮುಂದ ಹೂವು ಕುಂಕುಮ ಬ್ಯಾಡಾಗಿತ್ತವ್ವಾ. ಇರ್ಲಿ, ನಾ ನೋಡಿಲ್ಲ,” ಎಂದು ಇಂಕ್ ಪ್ಯಾಡು ತೆಗೆದರು. ಹೆಬ್ಬೆಟ್ಟು ಒತ್ತುವವರಿಗೆ ಓದಿ ಹೇಳಬೇಕೆಂಬ ನಿಯಮವಿದೆ. ಅವರು ನಿಯಮ ತಪ್ಪುವವರಲ್ಲ. ಓದಿದರು: “ದಿವಂಗತ ಹನುಮಯ್ಯನವರ ವಿಧವೆಯಾದ ಲಕ್ಷ್ಮಿದೇವಮ್ಮ ಎಂಬ ನಾನು, ನನ್ನ ಅಪ್ರಾಪ್ತ ವಯಸ್ಸಿನ ಮಗ ವೆಂಕಟಸ್ವಾಮಿಯ ಪರವಾಗಿ...”

ಅವಳು ಚಾಚಿದ್ದ ಹೆಬ್ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು.

“ಇದ್ರಲ್ಲಿ ನಮ್ಮನೆಯೋರು ಎಲ್ಲಿದಾರೆ ಸ್ವಾಮಿ?”

“ಅದಾರವ್ವಾ, ಎರಡು ಕಡೆ ಅದಾರ. ಸತ್ತಾವ ಅಂತ ಒಂದು ಕಡೆ, ಮಗ ಅಂತ ಒಂದು ಕಡೆ.”

“ಗಂಡ ಅಂತ?”

“ಹಂಗ ಬರದ್ರ ಮನಿ ಬರಂಗಿಲ್ಲವ್ವಾ.”

ವೆಂಕಟಸ್ವಾಮಿ ಅವಳ ಕಿವಿಯ ಹತ್ತಿರ ಬಗ್ಗಿ, “ಬರೀ ಕಾಗ್ದ ಕಣೇ. ಒತ್ತಿಬಿಡು. ಆಮೇಲೆ ಯಾರು ನೋಡ್ತಾರೆ?” ಎಂದು ಗೋಗರೆದ.

“ಆವತ್ತು ಬಂದದ್ದೂ ಬರೀ ಕಾಗ್ದವೇ,” ಅಂದಳು. “ಅದನ್ನ ಓದಿ ನನ್ನ ಬಳೆ ಒಡೆದ್ರು. ಕುಂಕುಮ ಒರೆಸಿದ್ರು. ಹದಿನೇಳು ವರ್ಷದೋಳನ್ನ ಕತ್ತಲೆ ಮೂಲೇಲಿ ಕೂರಿಸಿ, ನಿಮ್ಮ ತಿಥಿಗೆ ಕಜ್ಜಾಯದ ಹಿಟ್ಟು ಕುಟ್ಟಿಸಿದ್ರು.” ಆಮೇಲೆ ಸಿದ್ದಬಸಪ್ಪನವರ ಕಡೆ ತಿರುಗಿದಳು. ಯಾವತ್ತೂ ಗಂಡನ ಹೆಸರು ಹಿಡಿಯದ ಹೆಂಗಸು ಇಡೀ ಕಚೇರಿಗೆ ಕೇಳುವ ಹಾಗೆ ಹೇಳಿದಳು: “ಹನುಮಯ್ಯ ಅಂದ್ರೂ ಇವ್ರೇ, ವೆಂಕಟಸ್ವಾಮಿ ಅಂದ್ರೂ ಇವ್ರೇ. ಎರಡು ಸಲ ತಾಳಿ ಕಟ್ಟಿದಾರೆ. ಊರೋರು ಇವ್ರನ್ನ ಸಾಯಿಸಿದ್ರು, ಜೋಯಿಸ್ರು ಹುಟ್ಟಿಸಿದ್ರು. ಈಗ ನಾನು ಹೆತ್ತೆ ಅಂತ ಬರ್ಕೊಡ್ಲಾ? ಒಂದೇ ಒಂದು ಹೆತ್ತಿದ್ರೆ ನೀವು ಏನು ಹೇಳಿದ್ರೂ ಬರ್ಕೊಡ್ತಿದ್ದೆ ಸ್ವಾಮಿ. ನಂಗೆ ಮಗ ಇಲ್ಲ. ಇರೋದು ಗಂಡ ಒಬ್ರೇ.”

ಸಿದ್ದಬಸಪ್ಪನವರು ಇಂಕ್ ಪ್ಯಾಡಿನ ಮುಚ್ಚಳ ಹಾಕಿದರು. “ಹಂಗಾದ್ರ ಮನಿ ಹೋತವ್ವಾ,” ಅಂದರು ಮೆಲ್ಲಗೆ.

“ಹೋಗ್ಲಿ,” ಎಂದು ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಗೆ ಹೋದಳು. ವೆಂಕಟಸ್ವಾಮಿ ಮಂಕು ಬಡಿದವನಂತೆ ಅವಳ ಹಿಂದೆ ಹೋದ.

ಅಧಿಕಾರಿಗಳು ಫೈಲಿನ ಮೇಲೆ ಏನೋ ಬರೆಯುತ್ತಿದ್ದರು. ಹಳೆಯ ಚಾಳಿ, ನಾನು ಇಣುಕಿದೆ. ‘ಅರ್ಜಿದಾರಳ ಗಂಡ ಜೀವಂತ ಇರುವುದರಿಂದ ಅರ್ಜಿಯನ್ನು ವಜಾ ಮಾಡಿದೆ.’ ಕೆಳಗೆ ಸಹಿ, ಮೊಹರು. ಹನುಮಯ್ಯ ಉರುಫ್ ವೆಂಕಟಸ್ವಾಮಿ ಬದುಕಿದ್ದಾನೆಂದು ಸರ್ಕಾರ ಒಪ್ಪಿಕೊಂಡದ್ದು ಇದೊಂದೇ ಸಲ.

ವೈಶಾಖಕ್ಕೆ ಮೊದಲೇ ಅವರಿಬ್ಬರೂ ಕೆಂಗೇರಿಯ ಕಡೆ ಒಂದು ತಗಡಿನ ಮಾಡಿನ ಮನೆಗೆ ಬಾಡಿಗೆಗೆ ಹೋದರು. ಹೊರಡುವ ದಿನ ವೆಂಕಟಸ್ವಾಮಿ ನನ್ನ ಹತ್ತಿರ ಬಂದು, ಅಧಿಕಾರಿ ಫೈಲಿನ ಮೇಲೆ ಬರೆದರೆಂದು ನಾನು ಹೇಳಿದ್ದ ಆ ಷರಾದ ನಕಲಿಗೆ ಒಂದು ಅರ್ಜಿ ಬರೆದುಕೊಡಿ ಎಂದು ಕೇಳಿದ.

“ಮನೆಯೇ ಹೋಯ್ತು, ಇನ್ನು ಅದನ್ನ ತಗೊಂಡು ಏನು ಮಾಡ್ತೀಯಯ್ಯ?” ಅಂದೆ.

“ನಂಗಲ್ಲ ಸಾರ್, ಅವಳಿಗೆ ಬೇಕಂತೆ. ಮುಂದೆ ಯಾರಾದ್ರೂ ಬಂದು ನಾನು ಸತ್ತೋದೆ ಅಂತ ಕಾಗ್ದ ತೋರ್ಸಿದ್ರೆ, ತಿರುಗಿಸಿ ತೋರ್ಸೋಕೆ.”